ಹರಿದ ತುದಿ

ಗಣೇಶಪೇಟಿ ಅಂಗಡಿಯಾವ ದಾರದ ಉಂಡಿ ಅಂಗೈಯಾಗಿಟ್ಟು
"ನೀರಾಗ ಬಿದ್ರ ಕಾಣಂಗಿಲ್ರಿ" ಅಂದ.
ಕಾಣದ್ದಕ್ಕ ಒಂಬೈನೂರು ರೂಪಾಯಿ.
ಕಾಣೂ ನೈಲಾನಿಗೆ ಎಂಬತ್ತು.

ನಾನು ಕಾಜಾ ಹೊಲಿಯಾವ. ದಾರ ನನಗ ಗೊತ್ತು.
ಉಗುರಿನ ಮ್ಯಾಲೆ ಎಳದು ನೋಡಿದೆ, ಹಲ್ಲಾಗ ಹಿಡದು ನೋಡಿದೆ.
ಬಿರುಸು. ಗಾಜಿನ ತಂಗಿ ಇದ್ದಂಗ.
ಪಾಯಿಂಟ್ ಮೂವತ್ತೈದು ಆರಿಸಿದೆ,
ರೀಲು ಕಂಠಮಟ ತುಂಬಿದೆ.
ತಪ್ಪು ಅಲ್ಲೇ ಸುರುವಾಗಿತ್ತು.

ರವಿವಾರ ಮುಂಜಾನಿ ಪ್ಯಾಸೆಂಜರಿಗೆ ಕರ್ಜಗಿ.
ವರದಾ ತಿಳಿಯಾಗಿದ್ದಳು,
ಸೇತುವಿ ಕಂಬದ ಬುಡ ಸೈತ ತೋರಸತಿದ್ದಳು.
ಬೀಸಿದೆ.
ಗಾಳ ನನ್ನ ಕಾಲಾಗ ಬಿತ್ತು,
ದಾರ ಸುರುಳಿ ಸುರುಳಿ ಜಿಗದು
ಕೊರಳಿಗೆ, ಕನ್ನಡಕಕ್ಕ, ಎದಿ ಗುಂಡಿಗೆ.
ಉಂಡಿಯಾಗ ಮುದುಡಿ ಕುಂತ ತಿಂಗಳೆಲ್ಲಾ
ಅದಕ್ಕ ನೆನಪಿದ್ದವು.

ಬಿಡಿಸಾಕ ಒಂದು ತಾಸು.
ಆಮ್ಯಾಲೆ ಮೂರು ಸಲ ಹಿಡೀತು, ಮೂರು ಸಲ ಹರೀತು.

ದಂಡಿ ಮ್ಯಾಲೆ ಬುಟ್ಟಿ ತಿಕ್ಕತಿದ್ದ ಅಂಬಿಗೇರ ದುರಗವ್ವ
"ಹೋದ ಮೀನಿನ ಸುದ್ದಿ ಬ್ಯಾಡ, ಉಳದ ತುದಿ ತೋರಸು" ಅಂದಳು.
ಆಕಿಗೆ ಕಣ್ಣು ಮಂಜು.
ತುಟಿಗೆ ಹಚ್ಚಿ ಓದಿದಳು:

"ಇದು ಹಂದಿ ಬಾಲಧಂಗ ಮುರುಟೇತಿ.
ನಿನ್ನ ಗಂಟು ಜಾರೇತಿ, ಮೀನಿನ ಮ್ಯಾಲೆ ಹಾಕಬ್ಯಾಡ.
ಇದು ತರಕು ತರಕು.
ಕಂಬದ ಕಲ್ಲು, ಇಲ್ಲಾ ಬಾಳೆಮೀನಿನ ಹಲ್ಲು.
ಒಂದು ಮೊಳ ಕತ್ತರಸು, ಜುಗ್ಗತನ ಮಾಡಬ್ಯಾಡ."

ಮೂರನೇದ್ದಕ್ಕ ಬಾಳೊತ್ತು ಸುಮ್ಮನಿದ್ದಳು.
"ಇದು ಸುಟ್ಟೇತಿ."

ನೀರಾಗ ಹೆಂಗ ಸುಡತೈತಿ ಯಕ್ಕಾ?

"ಒಣಾ ಗಂಟು ಜಗ್ಗೀದಿ. ತಿಕ್ಕಾಟಕ್ಕ ಸುಟ್ಟೇತಿ.
ಬಿಗಿಯೂ ಮೊದಲ ಉಗುಳು ಹಚ್ಚಬೇಕಲ್ಲೋ,
ಯಾವ ಸಾಲಿ ಕಲತಿ?"

ಇಪ್ಪತ್ತಾರು ವರ್ಷ,
ದಿನಕ್ಕ ಇನ್ನೂರು ಕಾಜಾ,
ಸೂಜಿಗೆ ಪೋಣಿಸೂ ಮೊದಲ ದಾರ ಬಾಯಾಗ ತೋಯಿಸಿದಾವ.
ಆಕಿಗೆ ಹೇಳಲಿಲ್ಲ.

ಚೀಲದ ತಳದಾಗ ಹಳೇ ನೈಲಾನ್ ಇತ್ತು.
ರೀಲಿಗೆ ಅದನ್ನ ಸುತ್ತಿಸಿದಳು, ಎರಡು ಬೊಟ್ಟು ಖಾಲಿ ಬಿಡಿಸಿ.
ಕಾಣದ್ದನ್ನ ತುದಿಗೆ ಒಂದ ಮಾರು,
ಜಗ್ಗಿ ಜಗ್ಗಿ ಅದರ ನೆನಪು ಬಿಡಿಸಿ.
"ಎಲ್ಲಾನೂ ಯಾಕ ಮುಚ್ಚಿಡತಿ?
ಮೀನು ನೋಡೂದು ಗಾಳದ ಹತ್ತರದ್ದಷ್ಟ.
ಅದೂ ಹಿಂದಿನ ದಾರಕ್ಕಿಂತ ಒಂದೆಳಿ ಸೊರಗಿರಲಿ,
ಹರದರ ಅಲ್ಲೇ ಹರೀಲಿ."

ಸಂಜಿ ಗಾಡಿಯೊಳಗ
ಒಂದು ಗೆಂಡಿಮೀನು, ಅಂಗೈಯಷ್ಟು. ಬಿಟ್ಟೆ.
ಹರಿದ ತುಂಡೆಲ್ಲಾ ಗುಂಡಿ ಡಬ್ಬಿಯಾಗ ತುಂಬಿಕೊಂಡೆ,
ಕೊಳಿಯೂ ಜಾತಿ ಅಲ್ಲ ಅದು, ಕೊಕ್ಕರಿ ಕಾಲಿಗೆ ಸುತ್ತತೈತಿ
ಅಂತ ಆಕಿ ಗದರಿದ್ದಕ್ಕ.

ಸೋಮವಾರ ಕಂಡಕ್ಟರ್ ಯಲಿಗಾರ ಬಂದ,
ಖಾಕಿ ಅಂಗಿ, ವಾರಕ್ಕೊಮ್ಮೆ ಹಾರೂ ಅದ ಮೂರನೇ ಗುಂಡಿ.
ಡಬ್ಬಿಯಾಗಿನ ತುಂಡೊಂದು ಸೂಜಿಗೆ ಹಾಕಿ
ತೋಯಿಸಿ, ಮೆಲ್ಲಕ ಬಿಗದೆ.
ಇನ್ನ ಹತ್ತು ವರ್ಷ ಹಾರಂಗಿಲ್ಲ ಅಂದೆ.

ಹದಿನೈದು ದಿನಕ್ಕ ತಿರುಗಿ ಬಂದ.
ಗುಂಡಿ ಗಟ್ಟಿ ಇತ್ತು.
ಸುತ್ತಲಿನ ಬಟ್ಟಿ ಹರದು
ಅಂಗೈಯಗಲ ಹೊಟ್ಟಿ ಹೊರಗ.

"ಏನ್ ಹಾಕಿ ಹೊಲದ್ಯೋ ಮಾರಾಯಾ?"
"ಕಾಣಂಗಿಲ್ರಿ" ಅಂದೆ,
ಅಂಗಿ ಬೆಳಕಿಗೆ ಹಿಡದೆ. ಖರೇನ ಕಾಣಲಿಲ್ಲ.
ಜನತಾ ಬಜಾರದ ನಟ್ಟನಡುವ
ಅವನ ಬೆವರಿನ ಖಾಕಿ
ತುಟಿಗೆ ಹಚ್ಚಿ ಹುಡುಕಿದೆ.