ಹರ್ಷಿಣಿಗೆ, ಹದಿನೈದು ದಿನದ ಮಟ್ಟಿಗೆ

ಮೊದಲು ಕೈ ತೊಳೆದು ಬಾ.
ನೀರು ಮುಟ್ಟಿಸಿದರೆ ಸಾಲದು, ಸೋಪು ಹಾಕಿ,
ಉಗುರಿನ ಸಂದಿಯಲ್ಲೂ.
ನಿಮ್ಮಪ್ಪನಂತೆ ನಾನೂ ಅರಸೀಕೆರೆ ಮಂಡಿಯವಳು.
ಹಗಲೆಲ್ಲ ಕೊಬ್ಬರಿ ಬಟ್ಟಲು ಬೆಳಕಿಗೆ ಹಿಡಿದು
ಬೂಸ್ಟು ಹಿಡಿದದ್ದು ಈ ಕಡೆ, ಬೆಳ್ಳಗಿನದು ಆ ಕಡೆ
ಮಾಡಿ ಮಾಡಿ ಸಂಜೆಗೆ ಮುಟ್ಟಿದ್ದೆಲ್ಲ ಜಿಡ್ಡು.
ಬೀಗದ ಕೈ ಜಾರುತ್ತದೆ. ರಸೀದಿ ಪುಸ್ತಕದ ಹಾಳೆ
ಆಚೆ ಪುಟದ ಸಾಲವನ್ನೂ ತೋರಿಸಿಬಿಡುತ್ತದೆ.

ಆ ಜಿಡ್ಡು ತಂತಿಗೆ ಹತ್ತಿದರೆ
ವಾರದವರೆಗೆ ಏನೂ ಗೊತ್ತಾಗದು,
ಆಮೇಲೆ ನೆಗಡಿಯಾದವರ ಹಾಗೆ ಮಾತಾಡುತ್ತದೆ.

ತಂತಿ ಅನ್ನುವುದು ಬಾಯಿ ಅಭ್ಯಾಸ; ಇದು ನೈಲಾನು.
ಲೋಹದ್ದು ಯಾರು ಪುಕ್ಕಟೆ ಕೊಟ್ಟರೂ ಕಟ್ಟಬೇಡ.
ಇಷ್ಟು ತೆಳು ಹೊಟ್ಟೆ ಆ ಎಳೆತ ತಾಳದು,
ಅಂಟಿಸಿದ ಕುದುರೆಯೇ ಕಿತ್ತುಬಂದೀತು.
ಯುಕುಲೆಲೆ ಎಂದರೆ ನಿಮ್ಮ ಮನೆಯಲ್ಲಿ ನಗುತ್ತಾರೆ,
ಮರಿ ಗಿಟಾರು ಅನ್ನು, ಸಾಕು.

ಇರುವುದು ನಾಲ್ಕೇ. ಪ, ಸ, ಗ, ದ.
ಮೇಲಿನದು ದಪ್ಪ ದನಿಯದಿರಬೇಕಿತ್ತಲ್ಲ ಅಂತ
ಬಿರಡೆ ಸಡಿಲಿಸೀಯೆ!
ಅದು ಹಾಗೇ, ಅಜ್ಜನ ಕುರ್ಚಿ ಹತ್ತಿ ಕೂತ ಮೊಮ್ಮಗಳು.
ಐರಿನ್ ಟೀಚರ್ ಹೇಳಿಕೊಟ್ಟದ್ದು,
ರೈಲ್ವೆ ಕ್ವಾರ್ಟರ್ಸಿನ ಎರಡನೇ ಸಾಲಿನಲ್ಲಿ,
ಹುಬ್ಬಳ್ಳಿ ಗಾಡಿ ಕೂಗಿದಾಗೆಲ್ಲ ಪಾಠ ನಿಲ್ಲಿಸಿ
‘ಗಾಂಧಾರಕ್ಕಿಂತ ಒಂದು ಕೂದಲು ಕೆಳಗೆ’ ಎಂದು
ಡ್ರೈವರಿನ ಮೇಲೆ ಬೇಜಾರು ಮಾಡಿಕೊಳ್ಳುತ್ತ.

ಹೊಸದು ಕಟ್ಟಿದ ದಿನ ಶ್ರುತಿ ನಿಲ್ಲದು.
ಹೆಬ್ಬೆರಳಿಂದ ಮೆಲ್ಲಗೆ ಎತ್ತಿ ಎಳೆ, ಮತ್ತೆ ಕೂಡಿಸು,
ಮತ್ತೆ ಎಳೆ. ಮೂರು ದಿನ, ನಾಲ್ಕು ದಿನ.
ಗೋಣಿದಾರವೂ ಒಂದು ಲೋಡು ಹೊತ್ತ ಮೇಲೆ ತಾನೇ
ಗಂಟಿನ ಮಾತು ಕೇಳುವುದು?
ಬಿರಡೆ ತಿರುಗಿಸುವಾಗ ಟಕ್ ಟಕ್ ಎಂದರೆ
ತಂತಿ ಕೂರುವ ಗೀರಿಗೆ ಪೆನ್ಸಿಲಿನ ಮೊನೆ ಉಜ್ಜು;
ನಿನ್ನ ಗಣಿತದ ಪೆನ್ಸಿಲು ಅದಕ್ಕಾದರೂ ಆಗಲಿ.

ಮರ ಒಣಗಿ ಕಂಡಿತೆಂದು ಕೊಬ್ಬರಿ ಎಣ್ಣೆ ಬಳಿಯಬೇಡ.
ನಾನು ಬಳಿದಿದ್ದೆ.
ಊರಿಗೇ ಅನ್ನ ಹಾಕುವುದು ಇದಕ್ಕೆ ಕೆಟ್ಟದ್ದು ಹೇಗಾದೀತು ಅಂತ.
ತಿಂಗಳಿಡೀ ಇದರ ಕತ್ತು
ನೆಂಟರು ಹೋದ ಮೇಲಿನ ತಲೆದಿಂಬಿನ ಹಾಗೆ ನಾರಿತು.
ಇರುವೆ ಬಂದವು. ಮೆಟ್ಟಿಲು ಮೆಟ್ಟಿಲು ಹತ್ತಿದವು, ಇಳಿದವು,
ಒಂದಕ್ಕೂ ಸ್ವರ ಸಿಗಲಿಲ್ಲ.

ಯುಗಾದಿ ಕಳೆದಿದೆ, ಗಾಳಿಯಲ್ಲಿ ಪಸೆಯಿಲ್ಲ.
ಚೀಲದೊಳಗೆ ತೂತು ಕೊರೆದ ಸೋಪಿನ ಡಬ್ಬಿ ಇದೆ,
ಅದರೊಳಗೆ ಸ್ಪಂಜು. ಎರಡು ದಿನಕ್ಕೊಮ್ಮೆ ಒದ್ದೆ ಮಾಡಿ
ಹಿಂಡಿ ಇಡು. ಹಿಂಡಿ, ಅಂದೆ.
ಬಿಸಿಲ ಕಿಟಕಿಯ ಹತ್ತಿರ ಒರಗಿಸಬೇಡ,
ನಿಮ್ಮ ತಮ್ಮನ ಕೈಗೆ ಕೊಡಬೇಡ.

ಇನ್ನು ಧೈವತ, ಕೆಳಗಿನದು.
ಅದು ಹೊಸದು, ಆಗಾಗ ಇಳಿಯುತ್ತದೆ.
ಹಳೆಯದನ್ನು ಟೀಚರೇ ಕಟ್ಟಿದ್ದರು,
ವರ್ಗವಾಗಿ ಹೋಗುವ ಹಿಂದಿನ ರಾತ್ರಿ, ಕರೆಂಟಿಲ್ಲದೆ,
ಬಾಯಲ್ಲಿ ಟಾರ್ಚು ಕಚ್ಚಿಕೊಂಡು, ಮೂರು ಸುತ್ತಿನ ಗಂಟು.
ಮೂರು ವರ್ಷ ಬಿಚ್ಚಲಿಲ್ಲ.
ಉಳಿದ ಮೂರನ್ನು ಬದಲಿಸುತ್ತಿದ್ದೆ, ಅದನ್ನು ಒರೆಸುತ್ತಿದ್ದೆ.
ಅಡಿಯಲ್ಲಿ ಉಗುರು ಆಡಿಸಿದರೆ ಸಾಲು ಗುಳಿ.
ಕಿವಿಯ ಹತ್ತಿರ ಅಲ್ಲಾಡಿಸಿ
ಗಿಟುಕು ಬಿಟ್ಟಿದೆ, ಇದು ಇನ್ನೂ ಹಸಿ ಎಂದು
ರೇಟು ಹೇಳುವವಳು ನಾನು;
ಮನೆಗೆ ಬಂದು ಆ ಸತ್ತ ಸದ್ದನ್ನು
ನೆನಪು ಎಂದು ಕರೆಯುತ್ತಿದ್ದೆ.

ಹೋದ ಅಮಾವಾಸ್ಯೆ, ಮಂಡಿಗೆ ರಜ.
ಉಗುರು ಕತ್ತರಿಯಿಂದ ಒಂದೇ ಸಲ.
ಸಡಿಲಿಸಿದ ಮೇಲೇ ಕತ್ತರಿಸಬೇಕು, ಅದನ್ನೂ ನೆನಪಿಡು.
ಹೊಸದು ಕಟ್ಟಿ ಮೀಟಿದರೆ
ಪಕ್ಕದ ಮನೆಯವರು ಕದ ತೆರೆದು ‘ಯಾರು?’ ಅಂದರು.

ಹಳೆಯದನ್ನು ಎಸೆದಿಲ್ಲ.
ಎರಡು ತುದಿಗೂ ಕಡ್ಡಿ ಕಟ್ಟಿ
ಬಟ್ಟೆ ಸೋಪಿನ ಉದ್ದನೆ ಬಾರು ಕೊಯ್ಯುತ್ತೇನೆ.
ಚಾಕುವಿಗಿಂತ ನೇರ ಬರುತ್ತದೆ, ಪುಡಿಯೂ ಉದುರದು.
ಬಚ್ಚಲಲ್ಲಿ ಒಂದು ತುಂಡು ಇಟ್ಟಿದ್ದೇನೆ, ಹೋಗು.
ಲಂಗಕ್ಕೆ ಒರೆಸಿಕೊಳ್ಳಬೇಡ,
ಮೊಳೆಯಲ್ಲಿ ಬಟ್ಟೆಯಿದೆ.