ಹಿಂಬದಿಯ ರಟ್ಟು

ಬೆಂಗಳೂರಿನಿಂದ ಬಂದವರು
ಗಾಜಿಗೆ ಮೂಗು ತಾಗುವಷ್ಟು ಬಗ್ಗಿ
ಮೊದಲು ನೋಡಿದ್ದು ಚಿತ್ರವನ್ನಲ್ಲ,
ಕೆಳಗೆ ಎಡಮೂಲೆಯ ಪೆನ್ಸಿಲ್ ಗುರುತನ್ನು.
ಏಳು, ಓರೆಗೆರೆ, ಇಪ್ಪತ್ತು.
"ಇಪ್ಪತ್ತರಲ್ಲಿ ಏಳನೆಯದು" ಅಂದರು,
ಹೆಣ್ಣುಮಕ್ಕಳು ತುಂಬಿದ ಮನೆಯಲ್ಲಿ
ನಡುವಿನವಳನ್ನು ಕೇಳಲು ಬಂದವರ ಹಾಗೆ.

ಚಿತ್ರದಲ್ಲಿ ಹೊಸದೇನಿಲ್ಲ. ಅಂತರಗಂಗೆ ಬೆಟ್ಟದ ಬಂಡೆಗಳು,
ಒಂದರ ಹೆಗಲಿಗೊಂದು ಒರಗಿ
ಈಗಲೋ ಆಗಲೋ ಉರುಳುವ ಹಾಗೆ, ಉರುಳದೆ.
ಸಂಪಂಗಿ ಫ್ರೇಮ್ ವರ್ಕ್ಸಿನ ಷಟರ್ ಎತ್ತಿದರೆ
ದಿನಾ ಕಾಣುತ್ತವೆ, ಪುಕ್ಕಟೆ.

ಮುನಿನಂಜಪ್ಪ ಮೇಷ್ಟ್ರು
ಸತುವಿನ ತಗಡಿಗೆ ಮೇಣ ಬಳಿದು, ಸೂಜಿಯಲ್ಲಿ ಗೀರಿ,
ಬಚ್ಚಲಲ್ಲಿ ಆಸಿಡ್ಡಿಗೆ ಅದ್ದಿ, ಕೆಮ್ಮಿ,
ಇಪ್ಪತ್ತು ಪ್ರತಿ ತೆಗೆದು
ತಗಡಿನ ಮೇಲೆ ಮೊಳೆಯಿಂದ ಅಡ್ಡಗೆರೆ ಎಳೆದರಂತೆ,
ಇಪ್ಪತ್ತೊಂದನೆಯದು ಹುಟ್ಟದಿರಲಿ ಎಂದು.
ಅಪ್ಪನಿಗೆ ಇದು ಕೊನೆಯವರೆಗೂ ಅರ್ಥವಾಗಲಿಲ್ಲ:
"ಇನ್ನೂ ಬರೋ ಮಾಲನ್ನ ಯಾರಾದ್ರೂ ಕೈಯಾರೆ ಕೆಡಿಸ್ಕೊತಾರಾ?"

ಫ್ರೇಮಿನ ಬಾಕಿ ಮುನ್ನೂರ ನಲವತ್ತು.
ಮೇಷ್ಟ್ರ ಹತ್ತಿರ ದುಡ್ಡಿಲ್ಲ, ಮೂರು ಹಾಳೆ ಕೊಟ್ಟರು.
ಅಪ್ಪ ಹೆಬ್ಬೆರಳು ತೋರುಬೆರಳ ನಡುವೆ
ಕಾಗದದ ದಪ್ಪ ನೋಡಿದ.
ಒಳ್ಳೆ ದಪ್ಪ. ಹತ್ತಿಯದು.
ಆ ವಾರ ಅಂಗಡಿಯಲ್ಲಿ ರಟ್ಟು ಮುಗಿದಿತ್ತು.

"ಇದೊಂದಕ್ಕೆ ಒಂದೂವರೆ ಲಕ್ಷ. ಮೂರೂ ಇದ್ದರೆ ಐದು.
ಷೇರು ಬೀಳುತ್ತೆ ಮೇಡಂ, ಸೈಟಿಗೆ ಖಾತೆ ತಕರಾರು.
ಇದು ಹಾಗಲ್ಲ.
ಸತ್ತವರು ಇನ್ನೊಂದು ಬರೆಯೋದಿಲ್ಲ."

ಅಟ್ಟದಿಂದ ಹಳೆಯ ಲೆಕ್ಕದ ಪುಸ್ತಕ ಇಳಿಸಿದೆ.
ಆ ವಾರ ಕಟ್ಟಿದ ಫ್ರೇಮು ಆರು.
ಸ್ಕ್ರೂಡ್ರೈವರ್ ಚೀಲಕ್ಕೆ ಹಾಕಿ
ಕುರುಬರಪೇಟೆ, ಗಾಂಧಿನಗರ, ಡೂಂ ಲೈಟ್ ಹಿಂದಿನ ಗಲ್ಲಿ.
"ನಿಮ್ಮ ಗೋಡೆ ಫೋಟೋದ ಬೆನ್ನು ನೋಡಬಹುದಾ?"
ಜನ ನನ್ನನ್ನು ನೋಡಿದರು.
ಒಂದರ ಹಿಂದೆ ಸಾಬೂನಿನ ಪೆಟ್ಟಿಗೆ,
ಒಂದರ ಹಿಂದೆ ಯಾವುದೋ ಚುನಾವಣೆಯ ಪೋಸ್ಟರು,
ಒಂದರ ಹಿಂದೆ ಹಲ್ಲಿಯ ಮೊಟ್ಟೆ ಎರಡು, ಹಾಗೇ ಬಿಟ್ಟು ಬಂದೆ.
ನಾಲ್ಕನೆಯ ಮನೆಯನ್ನೇ ಕೆಡವಿದ್ದರು.

ಕಠಾರಿಪಾಳ್ಯದ ಅಕ್ಕಯ್ಯಮ್ಮ ಸ್ಟೂಲು ಕೊಟ್ಟರು.
ಮದುವೆಯ ಫೋಟೋ. ನಾಲ್ಕು ಮೊಳೆ ಕೀಳುವಷ್ಟರಲ್ಲಿ
ಬಂಡೆಗಳು ಕಂಡವು,
ಕಪ್ಪು ಕಪ್ಪಾಗಿಯೇ, ಬಿಳಿ ಮಾತ್ರ ಚಹಾದ ಬಣ್ಣ.
ಕೆಳಗಿನ ಅಂಚು ಇರಲಿಲ್ಲ.
ಬೆಳ್ಳಿಹುಳ ಸಹಿ ತಿಂದಿತ್ತು, ನಂಬರು ತಿಂದಿತ್ತು,
ಚಿತ್ರದ ಗಡಿಗೆ ಬಂದು ನಿಂತಿತ್ತು.
"ಎಷ್ಟು ಬೆಲೆಯಮ್ಮ?"
"ನಂಬರಿದ್ದರೆ ಒಂದೂವರೆ ಲಕ್ಷ. ಇಲ್ಲವಾದರೆ ಗೊತ್ತಿಲ್ಲ."
ಆಕೆ ಸೆರಗಿಗೆ ಬಾಯೊರೆಸಿ ನಕ್ಕರು:
"ಹಂಗಾದ್ರೆ ಆ ಹುಳಕ್ಕೆ ದಕ್ಕಿತು ಬಿಡು."
ಮತ್ತೆ ಅಲ್ಲೇ ಇಟ್ಟು ಮೊಳೆ ಹೊಡೆದೆ. ಕಾಫಿ ಕುಡಿದೆ.

ಆರನೆಯದು: 'ಕೋಲಾರಮ್ಮ, ದೊಡ್ಡ ಸೈಜು, ನಗದು.'
ಹೆಸರಿಲ್ಲ.
ಯಾರದೋ ದೇವರ ಗೂಡಿನಲ್ಲಿ
ಅಮ್ಮ ಬೆಟ್ಟಕ್ಕೆ ಬೆನ್ನು ಕೊಟ್ಟು ಕೂತಿರಬೇಕು,
ಊದುಬತ್ತಿಯ ಹೊಗೆಯಲ್ಲಿ.

ನಮ್ಮ ಪ್ರತಿಯ ಹಿಂದೆ ಅಪ್ಪನ ಕೈ: 'ಮೇಷ್ಟ್ರ ಬಾಕಿ 340.'
ಮರ್ಯಾದೆಯಲ್ಲ ಎಂದು ರಬ್ಬರು ಹಿಡಿದಿದ್ದೆ.
ಫೋನಿನಲ್ಲಿ ಅವರು ಕೂಗಿಕೊಂಡರು:
"ಅಳಿಸಬೇಡಿ! ಎಲ್ಲಿಂದ ಬಂತು ಅನ್ನೋದಕ್ಕೆ ಅದೇ ಪುರಾವೆ,
ಅದಕ್ಕೇ ಇನ್ನೊಂದು ಹತ್ತು ಸಾವಿರ."

ಪುಸ್ತಕದಲ್ಲಿ ತೀರಿದ ಬಾಕಿಗೆಲ್ಲ
ಅಪ್ಪ ಸ್ಕೇಲಿಟ್ಟು ಅಡ್ಡಗೆರೆ ಎಳೆದಿದ್ದಾನೆ.
ಮೇಷ್ಟ್ರ ಸಾಲಿಗೆ ಎಳೆದಿಲ್ಲ.
ಇವತ್ತು ಸ್ಕೇಲಿಟ್ಟೆ, ಪೆನ್ನಿನ ಮುಚ್ಚಳ ತೆಗೆದೆ,
ಅಷ್ಟರಲ್ಲಿ ಒಬ್ಬರು ಮಗುವಿನ ಫೋಟೋ ಹಿಡಿದು ಬಂದರು.
"ಹಿಂದೆ ಸ್ವಲ್ಪ ದಪ್ಪಗಿರೋದು ಹಾಕಿ,
ಗೋಡೆ ತೇವ ನಮ್ಮದು."