ನಾಲ್ಕನೆಯದಕ್ಕೆ ತೇಪೆ

ಒಂಟಿಕೊಪ್ಪಲಿನ ಹಿಟ್ಟಿನ ಗಿರಣಿಯ ಮೇಲೆ ನಮ್ಮ ಆಫೀಸು.
ಕೆಳಗೆ ರಾಗಿ ಬೀಸಿದರೆ
ಮೇಲೆ ಕೀಬೋರ್ಡಿನ ಸಂದಿಗೆಲ್ಲ ಹಿಟ್ಟು.
ಇಬ್ಬರೇ ನಾವು, ಫರ್ಹಾನಾ ಮತ್ತು ನಾನು,
ಹಾಲಿನ ಡೇರಿಗಳಿಗೆ ಲೆಕ್ಕದ ಸಾಫ್ಟ್‌ವೇರು ಬರೆಯುವವರು.

ಈಗ ನಡೆಯುತ್ತಿರುವುದು ಎಂಟನೇ ಆವೃತ್ತಿ.
ನಾಲ್ಕನೆಯದಕ್ಕೆ ಯುಗಾದಿಗೇ ಎಳ್ಳುನೀರು ಬಿಟ್ಟು
ಊರೂರಿಗೆ ಪತ್ರ ಹಾಕಿದ್ದೆವು: ಹೊಸದಕ್ಕೆ ಬನ್ನಿ.
ಹತ್ತೊಂಬತ್ತು ಊರು ಬರಲಿಲ್ಲ.

ಮೊನ್ನೆ ಹಳೆಯ ಕೋಡಿನಲ್ಲಿ ಒಂದು ಸಾಲು ಕಣ್ಣಿಗೆ ಬಿತ್ತು.
ನಾನೇ ಬರೆದದ್ದು, ಯಾವುದೋ ಅವಸರದ ರಾತ್ರಿ.
ಫ್ಯಾಟು ಮೂರು ನಲವತ್ತೈದು ಬಂದರೆ
ಆ ಕೊನೆಯ ಐದನ್ನು ನುಂಗಿ
ಮೂರು ನಲವತ್ತಕ್ಕೆ ರೇಟು ಕಟ್ಟುತ್ತದೆ.
ಲೀಟರಿಗೆ ಹದಿನೈದು ಪೈಸೆಯೋ, ಇಪ್ಪತ್ತೋ.

ಫರ್ಹಾನಾ ಅಂದಳು:
ತೇಪೆ ಹಾಕಿಕೊಟ್ಟರೆ ಅವರು ಹೊಸ ಬಟ್ಟೆ ಕೊಳ್ಳೋದೇ ಇಲ್ಲ.
ನಾಳೆ ಪಕ್ಕದಲ್ಲೇ ಹರಿಯುತ್ತೆ. ಇರೋದು ನಾಲ್ಕು ಕೈ.
ಸುಳ್ಳಲ್ಲ. ಮೂರನೆಯದಕ್ಕೆ ಹಾಕಿದ ತೇಪೆ
ಒಂದು ವಾರ ನಿದ್ದೆ ತಿಂದು
ಕೊನೆಗೆ ಪ್ರಿಂಟರನ್ನೇ ಮೂಕ ಮಾಡಿತ್ತು.
ನಾನು ಹದಿನೈದು ಪೈಸೆಯನ್ನು
ಲೀಟರಿಂದ, ದಿನದಿಂದ, ಹತ್ತೊಂಬತ್ತರಿಂದ ಗುಣಿಸುತ್ತ ಕೂತೆ.
ಗುಣಿಸಬಾರದಿತ್ತು.

ಶನಿವಾರ ಮಂಡ್ಯಕ್ಕೆ ಪ್ಯಾಸೆಂಜರು, ಅಲ್ಲಿಂದ ಬಸರಾಳಿನ ಬಸ್ಸು,
ಆಮೇಲೆ ಕಬ್ಬಿನ ನಡುವೆ ಯಾರದೋ ಟಿವಿಎಸ್ಸಿನ ಹಿಂದೆ
ಹಿಂಡಿ ಮೂಟೆಯ ಜೊತೆ ನಾನೂ ಒಂದು ಮೂಟೆ.
ಮಹಿಳಾ ಸಂಘದ ಡೇರಿ. ಸಂಜೆಯ ಸಾಲು ಕರಗಿ
ಕ್ಯಾನು ತೊಳೆಯುವ ಹೊತ್ತು.

ಹೊಸದು ಯಾಕೆ ಹಾಕಿಸಲಿಲ್ಲ ಅಂದೆ.
ಸೆಕ್ರೆಟರಿ ಚಿಕ್ಕತಾಯಮ್ಮ ಸೆರಗಲ್ಲಿ ಕೈ ಒರೆಸಿಕೊಂಡಳು:
‘ಈ ಡಬ್ಬಕ್ಕೆ ಅದು ಹಿಡಿಯಾಕಿಲ್ವಂತೆ.
ಹೊಸ ಡಬ್ಬಕ್ಕೆ ಮೂವತ್ತು ಸಾವ್ರ.
ಅರ್ಧ ಎಮ್ಮೆ ಬತ್ತದೆ ಕಣವ್ವ.’

ತಪ್ಪು ಒಪ್ಪಿಸಿದೆ. ನಾಲಿಗೆ ಅಂಟುತ್ತಿತ್ತು.
ಆಕೆ ಮೇಜಿನ ಅಡಿಯಿಂದ ಉದ್ದನೆಯ ನೋಟ್‌ಬುಕ್ಕು ಎಳೆದಳು.
‘ಮಿಷಿನ್ನು ಮೂರು ನಲವತ್ತೈದು ಅಂತದೆ,
ಚೀಟಿ ಮೂರು ನಲವತ್ತು ಅಂತದೆ.
ನಂಗೇನು ಕಣ್ಣಿಲ್ವಾ?’
ಎರಡು ವರ್ಷ, ದಿನಕ್ಕೆ ಎರಡು ಹೊತ್ತು, ಪೆನ್ಸಿಲಿನಲ್ಲಿ:
ಸಣ್ಣಮ್ಮ ಎಂಬತ್ತು ಪೈಸೆ, ಕೆಂಪಾಜಮ್ಮ ಒಂದು ಹತ್ತು,
ದೇವೀರಮ್ಮನ ಹೆಸರ ಮುಂದೆ ‘ಹಸ ಬತ್ತೋಯ್ತು’.
ಎಲ್ಲ ಕೂಡಿಟ್ಟು ಬೋನಸ್ಸಿನ ದಿನ
ಅವರವರ ಕೈಗೆ.

ನಮಗೆ ಹೇಳಬೇಕಿತ್ತಲ್ಲ ಅಂದೆ.
‘ಹೇಳ್ದೆ. ಫೋನ್ ಮಾಡ್ದೆ.
ಯಾರೋ ಹೆಣ್ಮಗಳು, ಹೊಸದಕ್ಕೆ ಬನ್ನಿ ಅಂತ ಮಡಗ್‌ಬುಟ್ಳು.’

ನಮ್ಮಲ್ಲಿ ಫೋನು ಎತ್ತುವುದು ನಾನೇ.

ಟೀ ತರಿಸಿದಳು. ಬಿಸ್ಕತ್ತು ಬೇಡವೆಂದರೂ ಕೈಗಿಟ್ಟಳು.
‘ಈ ಪೆನ್ಸಿಲ್ ಕೆಲ್ಸ ತಪ್ಪಿಸ್ಕೊಡು ಸಾಕು,
ಸಂಜೆ ಒಂದ್ ಗಳಿಗೆ ಕಾಲು ಚಾಚ್ತೀನಿ.’

ಹಿಂದಿರುಗುವಾಗ ಕತ್ತಲು. ಗಾಡಿ ಕಾವೇರಿ ದಾಟುವಾಗ
ಉಳಿದ ಊರುಗಳ ಹೆಸರು ಒಂದೊಂದೇ ಹೇಳಿಕೊಂಡೆ,
ಹದಿನೆಂಟು. ಯಾವ ಮೇಜಿನ ಅಡಿ
ನೋಟ್‌ಬುಕ್ಕು ಇದೆಯೋ, ಯಾವುದರಡಿ ಬರಿಯ ನೆಲವೋ.

ಭಾನುವಾರ ಕೂತು ಬರೆದೆ. ಏಳೇ ಸಾಲು.
ಫರ್ಹಾನಾ ಮಾತಾಡದೆ ಹನ್ನೊಂದು ಸಲ ಪರೀಕ್ಷಿಸಿದಳು,
ಪ್ರಿಂಟರನ್ನು ಮೂರು ಸಲ ಹೆಚ್ಚಿಗೆ.
ಜೊತೆಗಿಡುವ ಪತ್ರದಲ್ಲಿ ನಾನು
‘ನಾಲ್ಕನೆಯದಕ್ಕೆ ಇದೇ ಕೊನೆಯ ತೇಪೆ’ ಎಂದು ಬರೆದೆ.
ಅವಳು ಓದಿ ನಕ್ಕಳು:
ಮೂರನೆಯದಕ್ಕೂ ಹೀಗೇ ಬರೆದಿದ್ದೆ.

ಕೆಳಗೆ ಯಾರೋ ರಾಗಿ ತಂದರು.
ಮೇಜು ನಡುಗತೊಡಗಿತು.